ನಿಂತ ಕಾರು, ನಿಂತು ನೋಡುವವರು: ಹಳೆಯ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಸ್ಪೋರ್ಟ್ಸ್ ಕಾರೊಂದು ರಸ್ತೆ ಬದಿಯಲ್ಲೋ ಪಾರ್ಕಿಂಗ್ ಜಾಗದಲ್ಲೋ ನಿಂತಿದ್ದರೆ ಅದರ ಸುತ್ತ ಜನ ಸೇರುತ್ತಾರೆ, ಮಾತು ಶುರುವಾಗುತ್ತದೆ. ಆ ಮಾತು ಎರಡೇ ನಿಮಿಷಕ್ಕೆ ಮುಗಿಯುವುದೂ ಉಂಟು, ಬಾನೆಟ್ ತೆರೆಸಿ ಗಂಟೆಗಟ್ಟಲೆ ಸಾಗುವುದೂ ಉಂಟು. ವ್ಯತ್ಯಾಸ ಇರುವುದು ನೋಡುವವರ ಕಣ್ಣಿನಲ್ಲಿ. ಕಾರನ್ನು ಸರಿಯಾಗಿ ನೋಡಿದವರು ಕೇಳುವ ಪ್ರಶ್ನೆಯೇ ಬೇರೆ. ಅಂಥ ಪ್ರಶ್ನೆಗೆ ಮಾಲೀಕರು ಮನಸ್ಸು ಬಿಚ್ಚಿ ಉತ್ತರಿಸುತ್ತಾರೆ. ಆದ್ದರಿಂದ ಇಲ್ಲಿ ಮಾತಾಡುವ ಬಗೆಗಿಂತ ನೋಡುವ ಬಗೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಳೆಯ ಸ್ಪೋರ್ಟ್ಸ್ ಕಾರು ಕಣ್ಣಿಗೆ ಬಿತ್ತು. ಮೊದಲು ಏನು ಮಾಡಬೇಕು?

ಮೊಬೈಲ್ ಜೇಬಿನಲ್ಲೇ ಇರಲಿ. ಕಾರಿನಿಂದ ನಾಲ್ಕು ಹೆಜ್ಜೆ ದೂರ ನಿಂತು ಒಂದು ಸುತ್ತು ಹಾಕಿ. ದೂರದಿಂದ ಕಾಣುವ ಸಂಗತಿಗಳು ಹತ್ತಿರ ಹೋದ ಮೇಲೆ ಕಾಣುವುದಿಲ್ಲ: ಕಾರು ನೆಲಕ್ಕೆ ಎಷ್ಟು ತಗ್ಗಾಗಿ ನಿಂತಿದೆ, ಒಂದು ಪಕ್ಕಕ್ಕೆ ವಾಲಿದೆಯೇ, ಬಾಗಿಲಿನ ಅಂಚಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆಯಲ್ಲಿದೆಯೇ ಎಂಬುದೆಲ್ಲ ದೂರದ ನೋಟಕ್ಕೇ ಸಿಗುತ್ತದೆ. ಆಮೇಲೆ ಹತ್ತಿರ ಬಂದು ದೀಪ, ಬಂಪರ್, ಚಕ್ರ, ಡ್ಯಾಶ್‌ಬೋರ್ಡ್ ನೋಡಿ. ಹೆಸರಿನ ಬಿಲ್ಲೆಯನ್ನು ಕೊನೆಯಲ್ಲಿ ಓದಿದರೆ ಸಾಕು. ಬಿಲ್ಲೆ ಬದಲಾಯಿಸುವುದು ಸುಲಭ, ತಗಡಿನ ಆಕಾರ ಬದಲಾಯಿಸುವುದು ಸುಲಭವಲ್ಲ.

ಎಷ್ಟು ವರ್ಷವಾದರೆ ಕಾರು ಕ್ಲಾಸಿಕ್ ಆಗುತ್ತದೆ?

ಎಲ್ಲರೂ ಒಪ್ಪುವ ಒಂದೇ ಗೆರೆ ಇಲ್ಲ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ 30 ವರ್ಷ ತುಂಬಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನವನ್ನು ಐತಿಹಾಸಿಕ ಎನ್ನುತ್ತದೆ. ಆ ಲೆಕ್ಕದಲ್ಲಿ 1989ರಲ್ಲಿ ಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಕೂಡ ಸಾಲಿಗೆ ಸೇರಿದೆ. ಹಳೆಯ ಬ್ರಿಟಿಷ್ ತೆರೆದ ಕಾರುಗಳ ಗುಣವನ್ನೇ ಮತ್ತೆ ತರಲು ಹೊರಟ ಆ ಪುಟ್ಟ ಕಾರನ್ನು ‘ಇನ್ನೂ ಹೊಸದು’ ಎಂದು ತಳ್ಳಿಹಾಕುವವರ ಜೊತೆ ನಾನು ಸೇರುವುದಿಲ್ಲ.

ಬಿಲ್ಲೆ ನೋಡದೆ ಕಾರಿನ ಕಾಲವನ್ನು ಹೇಗೆ ಅಂದಾಜು ಮಾಡುವುದು?

ಕಾರು ತಯಾರಿಸಿದವರು ಮನಸ್ಸಿಟ್ಟು ಮಾಡಿದ ಬದಲಾವಣೆಗಳಿಗಿಂತ ಕಾನೂನಿಗೆ ಮಣಿದು ಮಾಡಿದ ಬದಲಾವಣೆಗಳನ್ನು ಗುರುತಿಸುವುದು ಸುಲಭ. ಅಮೆರಿಕ ಈ ಕಾರುಗಳ ಬಹುದೊಡ್ಡ ಮಾರುಕಟ್ಟೆಯಾಗಿತ್ತು. 1968ರ ಹೊತ್ತಿಗೆ ಅಲ್ಲಿ ಸುರಕ್ಷತೆಯ ನಿಯಮಗಳು ಬಿಗಿಯಾದವು, 70ರ ದಶಕದಲ್ಲಿ ಬಂಪರ್ ನಿಯಮಗಳು ಬಂದವು. ಆ ಎರಡು ಅಲೆಗಳ ಗುರುತು ಬಹುತೇಕ ಎಲ್ಲ ಸ್ಪೋರ್ಟ್ಸ್ ಕಾರುಗಳ ಮೈಮೇಲೂ ಉಳಿದಿದೆ.

ಬ್ರಿಟನ್ನಿನ ಎಂಜಿ ಕಂಪನಿಯ ಎಂಜಿಬಿಯನ್ನೇ ತೆಗೆದುಕೊಳ್ಳಿ. 1962ರಿಂದ 1980ರವರೆಗೆ ತಯಾರಾದ ಕಾರು ಇದು. ತೆಳುವಾದ ಹೊಳೆಯುವ ಕ್ರೋಮ್ ಬಂಪರ್ ಇದ್ದರೆ 1974ರ ಒಳಗಿನದು; ಮೂತಿಗೆ ಮೂತಿಯೇ ದಪ್ಪ ಕಪ್ಪು ಬಂಪರ್ ಆಗಿದ್ದರೆ ಅದರ ನಂತರದ್ದು. ಅದೇ ಸಮಯದಲ್ಲಿ ದೀಪಗಳ ಎತ್ತರದ ನಿಯಮ ಪಾಲಿಸಲು ಕಾರಿನ ಮೈಯನ್ನೂ ಎತ್ತರಿಸಿದರು. ಕಪ್ಪು ಬಂಪರಿನ ಕಾರನ್ನು ಕೀಳಾಗಿ ಕಾಣುವ ಚಾಳಿ ಆಸಕ್ತರಲ್ಲಿದೆ. ಆ ಮಾತನ್ನು ಮಾಲೀಕರ ಎದುರು ಆಡಬೇಡಿ. ಅವರು ಅದನ್ನು ಸಾಕಷ್ಟು ಸಲ ಕೇಳಿರುತ್ತಾರೆ.

ಪೋರ್ಷೆ 911ರಲ್ಲಿ ಬಂಪರಿನ ಎರಡು ತುದಿಗಳಲ್ಲಿ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ಕಂಡರೆ ಅದು 1974ರ ಮಾದರಿ ಅಥವಾ ಅದರ ನಂತರದ್ದು. ಆಲ್ಫಾ ರೋಮಿಯೊ ಸ್ಪೈಡರ್ ಆದರೆ ಹಿಂಭಾಗಕ್ಕೆ ಹೋಗಿ: 1966ರಲ್ಲಿ ಬಂದ ಮೊದಲ ಕಾರುಗಳ ಬಾಲ ದುಂಡಗೆ ಇಳಿಯುತ್ತದೆ, 1970ರ ಮಾದರಿಯಿಂದ ಅದನ್ನು ಚಾಕುವಿನಲ್ಲಿ ಕತ್ತರಿಸಿದ ಹಾಗೆ ನೇರ ಮಾಡಿದರು. ಡಾಟ್ಸನ್ 240ಜೆಡ್‌ನ ಹಿಂಬಾಗಿಲಿನ ಮೇಲೆ ಗಾಳಿ ಹೋಗುವ ಎರಡು ಅಡ್ಡ ಕಿಂಡಿಗಳಿದ್ದರೆ ಅದು ಆರಂಭದಲ್ಲಿ ತಯಾರಾದದ್ದು. ಆಮೇಲಿನ ಕಾರುಗಳಲ್ಲಿ ಆ ಕಿಂಡಿಗಳು ಚಾವಣಿ ಹೊರುವ ಪಕ್ಕದ ಕಂಬಕ್ಕೆ ಹೋದವು. ಷೆವ್ರೊಲೆ ಕಾರ್ವೆಟ್ ಕೂಪೆಯ ಹಿಂದಿನ ಗಾಜು ನಡುವೆ ಸೀಳಿಕೊಂಡು ಎರಡಾಗಿದ್ದರೆ ಅದು 1963ರದಿರಬೇಕು, ಕಾರ್ಖಾನೆಯಿಂದ ಹಾಗೆ ಬಂದದ್ದು ಆ ವರ್ಷ ಮಾತ್ರ. ಸೀಳು ಇಲ್ಲವೆಂದು 1963 ಅಲ್ಲ ಎನ್ನಲಾಗದು, ಏಕೆಂದರೆ ಹಿಂದೆ ಸರಿಯಾಗಿ ಕಾಣುವುದಿಲ್ಲವೆಂದು ಆ ಕಾಲದ ಕೆಲವು ಮಾಲೀಕರು ಒಂದೇ ಗಾಜು ಹಾಕಿಸಿಕೊಂಡುಬಿಟ್ಟಿದ್ದರು.

ಚಕ್ರದ ಕಡ್ಡಿಗಳ ನಡುವೆ ಇರುವ ದೊಡ್ಡ ನಟ್ಟನ್ನೂ ನೋಡಿ. ಎರಡು ಕಿವಿಗಳಿರುವ ನಟ್ಟನ್ನು ಸುತ್ತಿಗೆಯಿಂದ ಬಡಿದು ಬಿಗಿಯುತ್ತಿದ್ದರು. ಹೊರಚಾಚಿದ ಆ ಕಿವಿಗಳನ್ನು ಅಮೆರಿಕ 1968ರಿಂದ ನಿಷೇಧಿಸಿದ್ದರಿಂದ ಅಲ್ಲಿಗೆ ಹೋದ ಕಾರುಗಳಿಗೆ ಎಂಟು ಮೂಲೆಯ ನಟ್ಟು ಬಂತು. ಎಷ್ಟೋ ಮಾಲೀಕರು ಅಂದಕ್ಕಾಗಿ ಕಿವಿಯ ನಟ್ಟನ್ನೇ ಮತ್ತೆ ಹಾಕಿಕೊಂಡಿದ್ದಾರೆ. ಹಾಗಾಗಿ ಇದೊಂದೇ ಗುರುತನ್ನು ನಂಬಿ ವರ್ಷ ಹೇಳಬೇಡಿ.

ಎದುರಿಗಿರುವುದು ಜಾಗ್ವಾರ್ ಇ-ಟೈಪ್. ಎಲ್ಲಿಂದ ನೋಡಲು ಶುರು ಮಾಡಲಿ?

ಮೂತಿಯಿಂದ. 1961ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ತೆರೆ ಸರಿಸಿದ ಕಾರು ಇದು. ವಿಮಾನ ಕಾರ್ಖಾನೆಯಲ್ಲಿ ಪಳಗಿ ಬಂದ ಮಾಲ್ಕಮ್ ಸೇಯರ್ ಇದರ ಮೈಯನ್ನು ಗಾಳಿಯ ಹರಿವಿಗೆ ಹೊಂದುವಂತೆ ಲೆಕ್ಕ ಹಾಕಿ ಬರೆದರು. ಮೊದಲ ಸರಣಿಯ ಕಾರಿನ ಬಾಯಿ ಚಿಕ್ಕದು, ಹೆಡ್‌ಲೈಟ್‌ಗಳ ಮೇಲೆ ಇಳಿಜಾರಾದ ಗಾಜಿನ ಮುಚ್ಚಳ ಇರುತ್ತದೆ. 1967ರಲ್ಲಿ ಆ ಗಾಜು ಹೋಯಿತು. ಎರಡನೆಯ ಸರಣಿಯಲ್ಲಿ ಬಾಯಿ ದೊಡ್ಡದಾಯಿತು, ಹಿಂದಿನ ದೀಪಗಳು ದಪ್ಪಗಾಗಿ ಬಂಪರಿನ ಕೆಳಗೆ ಇಳಿದವು. 1971ರಲ್ಲಿ ಬಂದ ಮೂರನೆಯ ಸರಣಿಗೆ 5.3 ಲೀಟರಿನ ಹನ್ನೆರಡು ಸಿಲಿಂಡರ್ ಎಂಜಿನ್. ಬಾಯಿಗೆ ಅಡ್ಡಲಾಗಿ ಜಾಲರಿ ಬಂತು, ಚಕ್ರಗಳ ಮೇಲಿನ ಕಮಾನು ಹೊರಗೆ ಉಬ್ಬಿತು. ಗಾಜು ಒರೆಸುವ ವೈಪರ್ ಎಣಿಸಿ: ಮೊದಲ ಎರಡು ಸರಣಿಗಳಿಗೆ ಸಾಮಾನ್ಯವಾಗಿ ಮೂರು, ಕೊನೆಯದಕ್ಕೆ ಎರಡು.

ಮೊದಲ ಸರಣಿಯಲ್ಲೇ ಎರಡು ಎಂಜಿನ್‌ಗಳಿವೆ. 1964ರವರೆಗೆ 3.8 ಲೀಟರ್, ಆಮೇಲೆ 4.2. ಹೊರಗಿನಿಂದ ಇವೆರಡು ಅವಳಿಗಳೇ. ಮಾಲೀಕರನ್ನು ಮಾತಿಗೆಳೆಯಲು ಇದಕ್ಕಿಂತ ಒಳ್ಳೆಯ ಎಳೆ ಇಲ್ಲ. “ಇದು 3.8 ಇರಬೇಕಲ್ಲವೇ? ಮೊದಲ ಗೇರಿಗೆ ಹಾಕುವುದು ಹೇಗನ್ನಿಸುತ್ತದೆ?” ಎಂದು ಕೇಳಿ ನೋಡಿ. 3.8ರ ಗೇರ್‌ಬಾಕ್ಸ್‌ನಲ್ಲಿ ಮೊದಲ ಗೇರಿಗೆ ಸಿಂಕ್ರೊಮೆಷ್, ಅಂದರೆ ಹಲ್ಲುಗಳ ವೇಗವನ್ನು ಹೊಂದಿಸುವ ಏರ್ಪಾಡು, ಇರಲಿಲ್ಲ; ಕಾರು ಪೂರ್ತಿ ನಿಲ್ಲುವ ಮೊದಲು ಆತುರಪಟ್ಟರೆ ಹಲ್ಲುಗಳು ಕರಕರ ಎನ್ನುತ್ತವೆ. 4.2ರಲ್ಲಿ ಆ ಕಷ್ಟ ತಪ್ಪಿತು. ಈ ಕಾರನ್ನು ಓಡಿಸುವ ಯಾರಿಗೇ ಆಗಲಿ ಗೇರ್‌ಬಾಕ್ಸ್ ಬಗ್ಗೆ ಹೇಳಲು ಬೇಕಾದಷ್ಟು ಇರುತ್ತದೆ.

911ರ ಬಾಗಿಲಿನ ಹಿಂದೆ ಪುಟ್ಟ ಮುಚ್ಚಳ ಕಂಡಿತು. ಅಲ್ಲಿಂದ ಪೆಟ್ರೋಲ್ ಹಾಕುತ್ತಾರೆಯೇ?

ಖಂಡಿತ ಇಲ್ಲ. ಹಾಗೆಂದುಕೊಂಡವರಿಂದಲೇ ಆ ಮುಚ್ಚಳ ಮಾಯವಾದದ್ದು. 1972ರ ಮಾದರಿಯಲ್ಲಿ ತೂಕದ ಸಮತೋಲನಕ್ಕೆಂದು ಎಂಜಿನ್ ಆಯಿಲ್ ಟ್ಯಾಂಕನ್ನು ಹಿಂದಿನ ಚಕ್ರದ ಮುಂದಕ್ಕೆ ತಂದು, ಅದರ ಬಾಯಿಯನ್ನು ಬಲ ಬಾಗಿಲಿನ ಹಿಂದೆ ಹೊರಮೈಯಲ್ಲೇ ಇಟ್ಟರು. ಪೆಟ್ರೋಲ್ ಬಂಕುಗಳಲ್ಲಿ ಕೆಲವರು ಅದಕ್ಕೆ ಪೆಟ್ರೋಲ್ ಸುರಿದರು. ಮರುವರ್ಷವೇ ಟ್ಯಾಂಕು ಹಳೆಯ ಜಾಗಕ್ಕೆ ಮರಳಿತು. ಆ ಮುಚ್ಚಳ ನಿಮ್ಮ ಕಣ್ಣಿಗೆ ಬಿದ್ದರೆ ಒಂದೇ ವರ್ಷ ಬದುಕಿದ ವಿವರವೊಂದನ್ನು ನೋಡುತ್ತಿದ್ದೀರಿ. ಮಾಲೀಕರು ಸಿಕ್ಕರೆ “ಇದು 1972ರದು, ಅಲ್ಲವೇ?” ಎಂಬಷ್ಟು ಮಾತು ಸಾಕು, ಮುಂದಿನದನ್ನು ಅವರೇ ಹೇಳುತ್ತಾರೆ.

ಹೆಸರಿನ ಕಥೆಯೂ ಇಲ್ಲಿ ಬರಲಿ. 1963ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ತೋರಿಸಿದಾಗ ಈ ಕಾರು 901 ಆಗಿತ್ತು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ತನ್ನದೆಂದು ಪ್ಯೂಜೊ ತಕರಾರು ತೆಗೆದದ್ದರಿಂದ 911 ಆಯಿತು.

ಅದೇ ಕಾರನ್ನು ನೋಡುತ್ತ ಇನ್ನೊಬ್ಬರು ನಿಂತಿದ್ದಾರೆ. ಅವರೊಂದಿಗೆ ಮಾತಾಡಬಹುದೇ?

ಖಂಡಿತ ಮಾತಾಡಿ. ಮಾಲೀಕರು ಬರುವವರೆಗಿನ ಈ ಮಾತು ನನಗೆ ಬಹಳ ಇಷ್ಟ. ಯಾರಿಗೂ ಕಾರು ಸ್ವಂತದ್ದಲ್ಲ, ಹಾಗಾಗಿ ಯಾರೂ ಅಳುಕಬೇಕಾಗಿಲ್ಲ.

ಇಂಥ ಕಡೆ ಟ್ರಯಂಫ್ ಟಿಆರ್4 ನಿಂತಿದ್ದರೆ ವಾದ ಖಚಿತ: ಇದು 4 ಅಥವಾ 4ಎ? ಮುಂದಿನ ಮಡ್‌ಗಾರ್ಡಿನ ಪಕ್ಕ ನೋಡಿ. ಅಲ್ಲಿ ಸಣ್ಣ ದೀಪವಿದ್ದು, ಅದರಿಂದ ಹೊಳೆಯುವ ಪಟ್ಟಿಯೊಂದು ಬಾಗಿಲಿನ ಕಡೆಗೆ ಹರಿದಿದ್ದರೆ 1965ರಲ್ಲಿ ಬಂದ 4ಎ. ಆದರೆ 1967ರ ಟಿಆರ್5 ಕೂಡ ಸರಿಸುಮಾರು ಹಾಗೆಯೇ ಕಾಣುತ್ತದೆ, ಆದರೆ ಅದರೊಳಗೆ ಆರು ಸಿಲಿಂಡರ್ ಇರುತ್ತದೆ. ವಾದ ಅಲ್ಲಿಗೂ ಮುಗಿಯದಿದ್ದರೆ ಮಾಲೀಕರ ಬಾಯಿಂದಲೇ ಕೇಳಿ ತಿಳಿಯಿರಿ. ತಪ್ಪು ಹೇಳಿದವರನ್ನು ಅವರ ಮಕ್ಕಳ ಎದುರಿಗೆ ತಿದ್ದುವುದು ಬೇಡ; ತಂದೆಯೊಬ್ಬರು ಮಗಳಿಗೆ ಟ್ರಯಂಫ್ ಕಂಪನಿಯ ಸ್ಪಿಟ್‌ಫೈರನ್ನು ತೋರಿಸಿ ಎಂಜಿ ಎನ್ನುತ್ತಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ.

ಮಾಲೀಕರು ಬಂದರು. ಮಾತು ಹೇಗೆ ಶುರು ಮಾಡಲಿ?

ಮೊದಲು ದಾರಿ ಬಿಡಿ. ಬಾಗಿಲಿನ ಪಕ್ಕ ನಿಂತಿದ್ದರೆ ಹಿಂದೆ ಸರಿಯಿರಿ. ತನ್ನ ಕಾರಿಗೆ ಅಪರಿಚಿತರು ಒರಗಿ ನಿಂತಿದ್ದಾರೇನೋ ಎಂಬ ದಿಗಿಲು ಅವರಿಗಿರುತ್ತದೆ. ಆಮೇಲೆ ನೀವು ಕಂಡ ಒಂದು ಸಂಗತಿಯನ್ನು ಹೇಳಿ, ಅದರ ಮೇಲೆಯೇ ಒಂದು ಪ್ರಶ್ನೆ ಕೇಳಿ.

“ನಮಸ್ಕಾರ ಸರ್. ಈ ಬಣ್ಣ ಕಾರ್ಖಾನೆಯಿಂದ ಬಂದದ್ದೇ? ಬಾಗಿಲಿನ ಒಳಗಿನ ಅಂಚಿನಲ್ಲೂ ಇದೇ ಬಣ್ಣ ಕಂಡಿತು.”

“ಅಲ್ಲಿಯವರೆಗೆ ನೋಡಿದಿರಾ! ಹೊರಗಿನದು ಒಮ್ಮೆ ಮಾಡಿಸಿದ್ದು. ಒಳಗಿನದು ಹುಟ್ಟಿದಾಗಿನಿಂದ ಹಾಗೆಯೇ ಇದೆ.”

ಅಷ್ಟೇ ಬೇಕಾಗಿದ್ದದ್ದು. “ಸೂಪರ್ ಕಾರು” ಎಂದರೆ “ಧನ್ಯವಾದ” ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಕಾರಿನ ಹೆಸರೇ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. “ಈ ಕಾರು ನನಗೆ ಪರಿಚಯವಿಲ್ಲ, ಇದರ ಬಗ್ಗೆ ಹೇಳುತ್ತೀರಾ ಮೇಡಂ?” ಎಂದು ಕೇಳಿದವರನ್ನು ಬೇಸರದಿಂದ ನೋಡಿದ ಮಾಲೀಕರು ಬಹಳ ಕಡಿಮೆ. ಹಾಗೆಯೇ, ಜೊತೆಯಲ್ಲಿ ಗಂಡಸೊಬ್ಬರಿದ್ದರೆ ಕಾರು ಅವರದ್ದೇ ಎಂದುಕೊಂಡು ಅವರತ್ತ ತಿರುಗಬೇಡಿ. ಕೀಲಿ ಯಾರ ಕೈಯಲ್ಲಿದೆ ನೋಡಿ.

ಏನನ್ನು ಕೇಳಬಾರದು?

ಬೆಲೆ. “ಎಷ್ಟು ಕೊಟ್ಟಿರಿ?”, “ಈಗ ಮಾರಿದರೆ ಎಷ್ಟು ಬರುತ್ತದೆ?”, “ನನಗೆ ಕೊಡುತ್ತೀರಾ?” ಇವು ಮೂರೂ ಬೇಡ. ಬೆಲೆ ಕೇಳಿದ ಕೂಡಲೇ ಮಾಲೀಕರ ಮುಖಚರ್ಯೆ ಬದಲಾಗುತ್ತದೆ: ಕೆಲವರಿಗೆ ಕಳ್ಳತನದ ಭಯ, ಕೆಲವರಿಗೆ ಮನೆಯಲ್ಲೇ ಆ ಲೆಕ್ಕ ಹೇಳಿಲ್ಲ, ಇನ್ನು ಕೆಲವರಿಗೆ ಅದು ತೀರಿಹೋದ ತಂದೆಯ ಕಾರು. ಮೈಲೇಜ್ ಎಷ್ಟು ಎಂದು ಕೇಳುವುದು ತಪ್ಪಲ್ಲ, ಆದರೆ ಅದರಿಂದ ಮಾತು ಮುಂದೆ ಸಾಗುವುದಿಲ್ಲ. ಅದರ ಬದಲು “ದೂರ ಪ್ರಯಾಣಕ್ಕೆ ಒಯ್ಯುತ್ತೀರಾ?” ಎಂದು ಕೇಳಿ. ಮಳೆಯಲ್ಲಿ ನೆನೆದದ್ದು, ದಾರಿಯಲ್ಲಿ ನಿಂತದ್ದು, ಫ್ಯಾನ್ ಬೆಲ್ಟ್ ತುಂಡಾದದ್ದು ಎಲ್ಲವೂ ಆಗ ಹೊರಬರುತ್ತವೆ.

ಮುಟ್ಟಿ ನೋಡಬಹುದೇ? ಒಳಗೆ ಕೂರಬಹುದೇ?

ಹೇಳದೆ ಮುಟ್ಟಬೇಡಿ. ಬಣ್ಣದ ಮೇಲೆ ಕೂತ ಸಣ್ಣ ದೂಳನ್ನು ಬೆರಳಿನಿಂದ ಎಳೆದರೂ ಗೀರು ಬೀಳುತ್ತದೆ. ಸೊಂಟದ ಬೆಲ್ಟಿನ ಬಕಲ್, ಹೆಗಲ ಚೀಲದ ಜಿಪ್ ಇನ್ನೂ ಅಪಾಯ. ಜಾಗ್ವಾರ್ ಎಕ್ಸ್‌ಕೆ120ರ ಆರಂಭದ ಕಾರುಗಳ ಮೈ ಅಲ್ಯೂಮಿನಿಯಂನದು, ಮೊಣಕೈ ಊರಿದರೆ ತಗ್ಗು ಬೀಳಬಹುದು. ಲೋಟಸ್ ಇಲಾನ್‌ನ ಮೈ ಫೈಬರ್‌ಗ್ಲಾಸ್, ಒತ್ತಿದಲ್ಲಿ ಬಣ್ಣ ಬಿರುಕು ಬಿಡಬಹುದು. ಪುಟ್ಟಿ ಹಾಕಿದ್ದಾರೆಯೇ ಎಂದು ತಿಳಿಯಲು ಅಯಸ್ಕಾಂತ ಹಚ್ಚಿ ನೋಡುವವರೂ ಇದ್ದಾರೆ. ಅದು ಕೊಳ್ಳಲು ಬಂದವರ ಕೆಲಸ, ಅದೂ ಅನುಮತಿ ಪಡೆದ ಮೇಲೆ.

“ಬನ್ನಿ, ಕೂತು ನೋಡಿ” ಎಂದು ಅವರೇ ಕರೆದರೆ ಹಿಂಜರಿಯಬೇಡಿ. ಹೇಗೆ ಹತ್ತುವುದೆಂದು ಮಾತ್ರ ಕೇಳಿ. 1954ರಿಂದ 1957ರವರೆಗೆ ಬಂದ ಮರ್ಸಿಡಿಸ್ 300 ಎಸ್ಎಲ್ ಕೂಪೆಯ ಬಾಗಿಲು ರೆಕ್ಕೆಯಂತೆ ಮೇಲಕ್ಕೆ ಏಳುವುದು ಬರಿಯ ಅಲಂಕಾರಕ್ಕಲ್ಲ. ಕೊಳವೆಗಳನ್ನು ಹೆಣೆದು ಮಾಡಿದ ಅದರ ಚೌಕಟ್ಟು ಪಕ್ಕಗಳಲ್ಲಿ ಎಷ್ಟು ಎತ್ತರವಿದೆಯೆಂದರೆ ಸಾಮಾನ್ಯ ಬಾಗಿಲಿಗೆ ಜಾಗವೇ ಇಲ್ಲ. ಒಳಗೆ ಇಳಿಯಲು ಸ್ಟೀರಿಂಗ್ ಚಕ್ರವನ್ನೇ ಬಾಗಿಸಬೇಕು. 1958ರ ಆಸ್ಟಿನ್-ಹೀಲಿ ಸ್ಪ್ರೈಟ್‌ಗೆ ಹೊರಗಡೆ ಬಾಗಿಲ ಹಿಡಿಯೇ ಇಲ್ಲ, ಒಳಗೆ ಕೈ ಹಾಕಿ ತೆರೆಯಬೇಕು. ಕಪ್ಪೆಯ ಕಣ್ಣುಗಳಂತೆ ಬಾನೆಟ್ ಮೇಲೆ ಕೂತ ಅದರ ಹೆಡ್‌ಲೈಟ್‌ಗಳನ್ನು ಎಲ್ಲರೂ ನೋಡುತ್ತಾರೆ. ಡಿಕ್ಕಿಗೆ ಮುಚ್ಚಳವೇ ಇಲ್ಲವೆಂಬುದನ್ನು ಗಮನಿಸುವವರು ಕಡಿಮೆ. ಸಾಮಾನನ್ನು ಸೀಟಿನ ಬೆನ್ನು ಮಡಿಸಿ ಒಳಗಿನಿಂದಲೇ ತುರುಕಬೇಕು.

ಕಾರಿನ ಕೆಳಗೆ ಹನಿ ಬಿದ್ದಿದೆ. ಹೇಳಬೇಕೇ?

ಯಾವ ಹನಿ ಎಂಬುದರ ಮೇಲೆ ನಿಂತಿದೆ. ಎಂಜಿನ್ನಿನ ಕೆಳಗೆ ಕಪ್ಪಗಿನ ಎಣ್ಣೆಯ ನಾಲ್ಕಾರು ಹನಿ ಇದ್ದರೆ ಮಾಲೀಕರಿಗೆ ಗೊತ್ತೇ ಇರುತ್ತದೆ. ಟ್ರಯಂಫ್ ಟಿಆರ್‌ನ ನಾಲ್ಕು ಸಿಲಿಂಡರ್ ಎಂಜಿನ್ನಿನಂಥ ಹಲವು ಹಳೆಯ ಎಂಜಿನ್‌ಗಳಲ್ಲಿ, ಒಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಗೆ ಇಂದಿನ ಹಾಗೆ ರಬ್ಬರ್ ಸೀಲು ಇರಲಿಲ್ಲ. ಶಾಫ್ಟಿನ ಮೇಲೆ ಕೊರೆದ ಸುರುಳಿ ಗೆರೆಯೇ ತಿರುಗುತ್ತ ಎಣ್ಣೆಯನ್ನು ಒಳಕ್ಕೆ ತಳ್ಳುತ್ತಿತ್ತು. ಎಂಜಿನ್ ನಿಂತರೆ ತಳ್ಳುವುದೂ ನಿಂತಿತು, ಎಣ್ಣೆ ಹೊರಗೆ ಜಿನುಗಿತು. ಆ ಹನಿಯನ್ನು ತೋರಿಸಿ ನಗುವುದು ಅವರಿಗೆ ಹೊಸತಲ್ಲ.

ಆದರೆ ಪೆಟ್ರೋಲ್ ವಾಸನೆ ಬಂದರೆ, ಅಥವಾ ಚಕ್ರದ ಒಳಬದಿಯಲ್ಲಿ ಬ್ರೇಕ್ ಆಯಿಲ್ ಇಳಿದ ಗುರುತು ಕಂಡರೆ ಸಂಕೋಚ ಬೇಡ, ಕೂಡಲೇ ಹೇಳಿ. ಹಳೆಯ ರಬ್ಬರ್ ಕೊಳವೆಗಳಿಗೆ ಎಥನಾಲ್ ಬೆರೆತ ಇಂದಿನ ಪೆಟ್ರೋಲ್ ಒಗ್ಗುವುದಿಲ್ಲ. ಅವು ಮೆತ್ತಗಾಗಿ ಬಿರಿಯುತ್ತವೆ. ಕಾರಿಗೆ ಬೆಂಕಿ ಬೀಳುವ ದಾರಿಗಳಲ್ಲಿ ಇದೂ ಒಂದು. ಟೈರಿನ ವಯಸ್ಸನ್ನೂ ಓದಬಹುದು: ಪಕ್ಕದಲ್ಲಿ 2309 ಎಂದು ಅಚ್ಚಾಗಿದ್ದರೆ 2009ನೇ ಇಸವಿಯ 23ನೇ ವಾರ. ಈ ಕಾರುಗಳು ಓಡುವುದೇ ಕಡಿಮೆ, ಹಾಗಾಗಿ ಟೈರು ಸವೆಯುವ ಮೊದಲೇ ಒಣಗಿ ಬಿರುಕು ಬಿಟ್ಟಿರುತ್ತದೆ. ಅದನ್ನು ಮೆಲ್ಲಗೆ ತಿಳಿಸಿದರೆ ಉಪಕಾರವೇ.

ಬಾನೆಟ್ ತೆರೆದು ತೋರಿಸಿದರು. ಏನನ್ನು ನೋಡಲಿ?

ಹೊಳಪಿಗೆ ಮರುಳಾಗದೆ ಗಾಳಿ ಮತ್ತು ಪೆಟ್ರೋಲ್ ಎಲ್ಲಿ ಸೇರುತ್ತವೆ ಎಂದು ಹುಡುಕಿ. ಬ್ರಿಟಿಷ್ ಕಾರಾದರೆ ಸಾಮಾನ್ಯವಾಗಿ ಗಂಟೆಯ ಆಕಾರದ, ಎಸ್‌ಯು ಕಂಪನಿಯ ಕಾರ್ಬ್ಯುರೇಟರ್ ಎರಡೋ ಮೂರೋ ಸಾಲಾಗಿ ಕೂತಿರುತ್ತವೆ. ಟ್ರಯಂಫ್ ಟಿಆರ್6 ಆಗಿದ್ದರೆ ಇಲ್ಲೇ ಅದರ ಜಾತಕ ಸಿಗುತ್ತದೆ: ಅಮೆರಿಕಕ್ಕೆ ಕಳುಹಿಸಿದ ಕಾರುಗಳಿಗೆ ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್, ಬ್ರಿಟನ್ನಿನಲ್ಲಿ ಮಾರಿದವಕ್ಕೆ ಲ್ಯೂಕಸ್ ಪೆಟ್ರೋಲ್ ಇಂಜೆಕ್ಷನ್. ಬ್ಯಾಟರಿಯ ಯಾವ ತುದಿ ಮೈಗೆ ಸೇರಿದೆ ಎಂದೂ ಕೇಳಿ. 60ರ ದಶಕದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಧನ ತುದಿ ಮೈಗೆ ಸೇರಿರುತ್ತದೆ, ಈಗಿನ ಪದ್ಧತಿಗೆ ತದ್ವಿರುದ್ಧ. ತಿಳಿಯದೆ ಬೇರೆ ಕಾರಿನಿಂದ ವಿದ್ಯುತ್ ಎರವಲು ಕೊಟ್ಟರೆ ವೈರಿಂಗ್ ಸುಟ್ಟೀತು.

ಎಂಜಿನ್ ನಂಬರ್ ಹೊಂದುತ್ತದೆ ಎಂದು ಅಷ್ಟು ಹೆಮ್ಮೆಯಿಂದ ಹೇಳುವುದೇಕೆ?

ಕಾರ್ಖಾನೆಯಿಂದ ಹೊರಬಂದಾಗ ಇದ್ದ ಎಂಜಿನ್ನೇ ಇಂದಿಗೂ ಇದೆ ಎಂದರ್ಥ. ಯಾವ ಕಾರಿಗೆ ಯಾವ ನಂಬರಿನ ಎಂಜಿನ್ ಎಂದು ಬರೆದಿಟ್ಟ ಹಳೆಯ ಉತ್ಪಾದನಾ ದಾಖಲೆಗಳು ಹಲವು ಕಂಪನಿಗಳದ್ದು ಉಳಿದಿವೆ. ಉದಾಹರಣೆಗೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ, ಎಂಜಿ, ಆಸ್ಟಿನ್-ಹೀಲಿಯಂಥ ಕಾರುಗಳಿಗೆ ಆ ದಾಖಲೆ ನೋಡಿ ಪ್ರಮಾಣಪತ್ರ ಕೊಡುತ್ತದೆ. ಹೊಂದದಿದ್ದರೆ ಕಾರು ಕೆಟ್ಟದ್ದೇನಲ್ಲ. ದುಡಿದ ಕಾರಿನ ಎಂಜಿನ್ ಬದಲಾಗುವುದು ಸಹಜ.

ಇದು ನಕಲು ಕಾರು ಎಂದು ಅನುಮಾನ. ಕೇಳಬಹುದೇ?

“ಇದು ಡೂಪ್ಲಿಕೇಟಾ?” ಎಂದು ಕೇಳಬೇಡಿ. “ಇದನ್ನು ಕಟ್ಟಿದ್ದು ಯಾರು?” ಎಂದು ಕೇಳಿ. ಎಸಿ ಕೋಬ್ರಾದ ಆಕಾರದ ಕಾರುಗಳಲ್ಲಿ ಬಹುಪಾಲು ಆಮೇಲೆ ಬೇರೆಯವರು ಕಟ್ಟಿದವು. ಪೋರ್ಷೆ 356ರ ಆಕಾರವನ್ನು ಫೋಕ್ಸ್‌ವ್ಯಾಗನ್ ಬೀಟಲ್‌ನ ತಳದ ಮೇಲೆ ಕೂರಿಸಿದ್ದೂ ಸಾಕಷ್ಟಿದೆ. ಹಲವು ಮಾಲೀಕರು ಸ್ವಂತ ಕೈಯಿಂದ ಗ್ಯಾರೇಜಿನಲ್ಲಿ ಕಟ್ಟಿರುತ್ತಾರೆ. ವೈರಿಂಗಿನ ಒಂದೊಂದು ಎಳೆಯನ್ನೂ ಬಲ್ಲ ಅವರಿಂದ ಕಲಿಯುವುದು ಬೇಕಾದಷ್ಟಿದೆ. ಅಂದ ಹಾಗೆ ಕೇಟರ್‌ಹ್ಯಾಮ್ ಸೆವೆನ್ ಅನ್ನು ನಕಲು ಎನ್ನಬೇಡಿ. ಲೋಟಸ್ ಸೆವೆನ್ ತಯಾರಿಸುವ ಹಕ್ಕನ್ನು ಆ ಸಂಸ್ಥೆ 1973ರಲ್ಲಿ ಲೋಟಸ್‌ನಿಂದಲೇ ಪಡೆದುಕೊಂಡಿತು.

ಬಣ್ಣ ಮಾಸಿದ, ಸೀಟು ಸುಕ್ಕಾದ ಕಾರನ್ನು ಯಾಕೆ ಹೊಸದು ಮಾಡಿಸುವುದಿಲ್ಲ?

ಮಾಡಿಸಬಾರದೆಂದೇ ನನ್ನ ಅಭಿಪ್ರಾಯ, ತುಕ್ಕು ಚೌಕಟ್ಟನ್ನು ತಿನ್ನದಿರುವ ತನಕ. ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು. ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಮತ್ತೆ ಬರುವುದಿಲ್ಲ. ಚಾಲಕನ ಮೊಣಕೈ ತಾಗಿ ತಾಗಿ ಬಾಗಿಲಿನ ಅಂಚಿನಲ್ಲಿ ಬಣ್ಣ ಸವೆದು ಕೆಳಗಿನ ಪದರ ಇಣುಕುತ್ತಿದ್ದರೆ ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. “ಪಾಪ, ಹೀಗೆ ಬಿಟ್ಟಿದ್ದಾರಲ್ಲ” ಎಂದು ಮಾತ್ರ ಅನ್ನಬೇಡಿ.

ಫೋಟೊ ತೆಗೆದು ಹಂಚಿಕೊಳ್ಳಬಹುದೇ?

ಮಾಲೀಕರಿದ್ದರೆ ಕೇಳಿ ತೆಗೆಯಿರಿ. ಇಲ್ಲದಿದ್ದರೆ ನಂಬರ್ ಪ್ಲೇಟ್ ಮರೆಮಾಡಿ, ಜಾಗದ ಹೆಸರು ಹಾಕಬೇಡಿ. ಮನೆಯ ಮುಂದೆ ನಿಂತ ಕಾರಾದರೆ ಹಂಚುವುದೇ ಬೇಡ.

ಕಾರು ಹೊರಡುತ್ತಿದೆ. ಇನ್ನೂ ಕೇಳುವುದಿದೆಯಲ್ಲ?

ಸ್ಟಾರ್ಟ್ ಮಾಡುವಾಗ ಮಾತಾಡಿಸಬೇಡಿ. ಅವರು ಕಿವಿಯಿಂದ ಕೆಲಸ ಮಾಡುತ್ತಿರುತ್ತಾರೆ. ಹಲವು ಬ್ರಿಟಿಷ್ ಕಾರುಗಳಲ್ಲಿ ಕೀಲಿ ತಿರುಗಿಸಿದ ಕೂಡಲೇ ಹಿಂಬದಿಯಿಂದ ಎಸ್‌ಯು ಪೆಟ್ರೋಲ್ ಪಂಪು ಟಿಕ್ ಟಿಕ್ ಎಂದು ಬಡಿಯತೊಡಗುತ್ತದೆ. ಕಾರ್ಬ್ಯುರೇಟರಿನ ಬಟ್ಟಲು ತುಂಬುತ್ತಿದ್ದಂತೆ ಬಡಿತ ನಿಧಾನವಾಗಿ ನಿಲ್ಲುತ್ತದೆ. ಆಮೇಲೆ ಚೋಕ್ ಎಳೆದು ಸ್ಟಾರ್ಟರ್ ಒತ್ತುತ್ತಾರೆ. ಟಿಕ್ ಟಿಕ್ ನಿಲ್ಲದೆ ಹೋದರೆ ಎಲ್ಲೋ ಪೆಟ್ರೋಲ್ ಸೋರುತ್ತಿದೆ ಅಥವಾ ಟ್ಯಾಂಕು ಬರಿದಾಗಿದೆ. ಎಂಜಿನ್ ಒಂದು ಹದಕ್ಕೆ ಬಂದ ಮೇಲೆ ಅವರೇ ತಲೆ ಎತ್ತಿ ನೋಡುತ್ತಾರೆ, ಉಳಿದ ಪ್ರಶ್ನೆ ಆಗ ಕೇಳಿ.

ಮಾಲೀಕರು ಬರಲೇ ಇಲ್ಲ. ಚೀಟಿ ಬಿಟ್ಟು ಹೋಗಬಹುದೇ?

ಬಿಡಬಹುದು. ವೈಪರ್ ಎತ್ತಬೇಡಿ, ಹಳೆಯ ತೋಳು ಮುರಿದರೆ ಬಿಡಿಭಾಗ ಹುಡುಕುವುದು ಕಷ್ಟ. ಮಡಿಸಿದ ಕಾಗದವನ್ನು ಗಾಜು ಮತ್ತು ವೈಪರ್ ನಡುವೆ ಮೆಲ್ಲಗೆ ಜಾರಿಸಿ. ಮಾರುವುದಿದ್ದರೆ ಕರೆ ಮಾಡಿ ಎಂದು ಬರೆಯಬೇಡಿ, ಅಂಥ ಚೀಟಿಗಳು ಅವರ ಮನೆಯಲ್ಲಿ ಆಗಲೇ ಇರುತ್ತವೆ. ನೀವು ಕಂಡದ್ದನ್ನು ಬರೆಯಿರಿ: ಎಡಗಡೆಯ ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದ್ದಂತಿದೆ, ದೀಪದ ಗಾಜುಗಳು ಅಸಲಿಯೇ ಎಂದು ತಿಳಿಯುವ ಆಸೆ, ಇದು ನನ್ನ ನಂಬರು. ಕರೆ ಬರುವುದು ಇಂಥ ಚೀಟಿಗೆ.